ಶಲ್ಯದೊಳಗಿನ ಪ್ಲೇಯರು

ಇಟ್ಟಮಡುವಿನ ಗುರುರಾಜ್ ಅವರ ತಂದೆಯ ಶ್ರಾದ್ಧ ಮಾಡಿಸುವಾಗ ನಾನು ಅವರ ತಂದೆಯ ಹೆಸರು ಹೇಳಲಿಲ್ಲ. ನನ್ನ ತಾತನ ಹೆಸರು ಹೇಳಿದೆ. ನಾನು ಅಂದದ್ದನ್ನೇ ಅವರೂ ಅಂದರು. ಅವರ ತಂದೆಗೆ ಸಲ್ಲಬೇಕಾದ ಪಿಂಡ ನನ್ನ ತಾತನ ಹೆಸರಿಗೆ ಹೋಯಿತು. ಗುರುರಾಜ್ ಅವರ ತಾಯಿ ಸಾವಿತ್ರಮ್ಮನವರು ಅದನ್ನು ಗಮನಿಸಿ ಕೇಳಿದಾಗ, ಸರಿಯಾಗೇ ಹೇಳಿದ್ದೇನೆ ಎಂದೆ. ಮೊದಲನೆಯದು ಕೈತಪ್ಪೋ, ಇನ್ನೇನೋ – ಇವತ್ತಿಗೂ ನನಗೆ ಬಗೆಹರಿದಿಲ್ಲ. ಎರಡನೆಯದು ಮಾತ್ರ ಸುಳ್ಳು. ಎರಡೂವರೆ ವರ್ಷ ಆ ಸುಳ್ಳನ್ನು ಇಟ್ಟುಕೊಂಡು ಓಡಾಡಿದೆ.

ಇದೆಲ್ಲ ಒಂದು ಮ್ಯೂಸಿಕ್ ಪ್ಲೇಯರಿನಿಂದ ಆಯಿತು ಎಂದು ಬರೆದುಬಿಡಲು ಕೈ ಹೋಗುತ್ತದೆ. ಬರೆಯಬಾರದು. ಅದು ತುಂಬಿಸಿದ್ದನ್ನು ಹೇಳುವ ವಸ್ತು – ಪಾಪ, ಅದಕ್ಕೇನು ಗೊತ್ತು.

ಹೆಬ್ಬೆರಳಿನಷ್ಟು ಉದ್ದದ, ಕಪ್ಪು ಬಣ್ಣದ ಪ್ಲೇಯರು ಅದು. ಬೆನ್ನಿಗೊಂದು ಕ್ಲಿಪ್ಪು, ಮುಂದೆ ಉಗುರಿನಗಲದ ಪರದೆ, ನಾಲ್ಕೈದು ಗುಂಡಿ, ತಲೆಯಲ್ಲಿ ಮಾತು ರೆಕಾರ್ಡ್ ಮಾಡಿಕೊಳ್ಳಲು ಒಂದು ತೂತು. ನನ್ನ ಭಾವಮೈದ ತನಗೆ ಬೇಡವೆಂದು ಕೊಟ್ಟದ್ದು. ಹನುಮಂತನಗರದಲ್ಲಿ ನನ್ನದೊಂದು ಜೆರಾಕ್ಸ್, ಲ್ಯಾಮಿನೇಷನ್ ಅಂಗಡಿ ಇದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಹಳೆಯ ಸಿನಿಮಾ ಹಾಡು ಕೇಳುತ್ತಿದ್ದೆ. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು.

ನಮ್ಮಪ್ಪ ಪುರೋಹಿತರು. ಹನುಮಂತನಗರದಿಂದ ಬನಶಂಕರಿ ಮೂರನೇ ಹಂತದವರೆಗೆ ಎಷ್ಟೋ ಮನೆಗಳಿಗೆ ಅವರೇ ಆಗಬೇಕಿತ್ತು. ನನಗೆ ಮಂತ್ರ ಕಲಿಸಲು ಚಿಕ್ಕಂದಿನಲ್ಲಿ ಪಟ್ಟ ಪಾಡು ಅವರಿಗೇ ಗೊತ್ತು, ನಾನು ಕಲಿಯಲಿಲ್ಲ. ಅವರ ಮಂಡಿ ಕೈಕೊಟ್ಟು ನೆಲದ ಮೇಲೆ ಕೂರಲಾಗದೇ ಹೋದಾಗ, ಮನೆಗಳವರು ನನ್ನನ್ನೇ ಕರೆಯತೊಡಗಿದರು. "ಶಾಸ್ತ್ರಿಗಳ ಮಗ ಇದಾರಲ್ಲ!" ನನಗೆ ಬರುವುದಿಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಆ ಗೌರವ ರುಚಿಸಿತು – ಹೌದು, ರುಚಿಸಿತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಉಪಾಯ ನನ್ನದೇ. ಅಪ್ಪನನ್ನು ಕೂರಿಸಿಕೊಂಡು ಎಲ್ಲವನ್ನೂ ಪ್ಲೇಯರಿನಲ್ಲಿ ತುಂಬಿಸಿದೆ. ಶ್ರಾದ್ಧದ ಮಂತ್ರವನ್ನು ಸುಮ್ಮಸುಮ್ಮನೆ ಮನೆಯೊಳಗೆ ಹೇಳಬಾರದು ಎಂದು ಅಪ್ಪ ಹಟ ಹಿಡಿದದ್ದರಿಂದ ಅದೊಂದನ್ನು ಟಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ ಕುರ್ಚಿ ಹಾಕಿ ಮಾಡಿಕೊಂಡದ್ದು. ಅದರಲ್ಲಿ ಪಕ್ಕದ ಮನೆಯ ಕುಕ್ಕರ್ ಕೂಗುವುದೂ ಕೇಳಿಸುತ್ತದೆ, ಅಪ್ಪನ ಕೆಮ್ಮೂ ಕೇಳಿಸುತ್ತದೆ. ನಡುನಡುವೆ ನನಗೆ ಹೇಳುವ ಮಾತುಗಳು ಬೇರೆ – "ಸೀನ, ಇಲ್ಲಿ ನೀರು ಬಿಡ್ಸು." "ಸೀನ, ಇಲ್ಲಿ ನಿಲ್ಸು. ಅವರವರ ಗೋತ್ರ, ಹೆಸರು ಹಾಕ್ಕೋ. ನಾನು ಸದ್ಯಕ್ಕೆ ನಮ್ಮನೇದು ಹೇಳಿರ್ತೀನಿ." ಹಾಗೆಂದು ತಮ್ಮ ತಂದೆ, ತಾತ, ಮುತ್ತಾತನ ಹೆಸರುಗಳನ್ನು ಹೇಳಿ ಮುಂದೆ ಹೋಗಿದ್ದಾರೆ.

ಪ್ಲೇಯರನ್ನು ಸೊಂಟಕ್ಕೆ, ಪಂಚೆಯ ಅಂಚಿಗೆ ಸಿಕ್ಕಿಸುತ್ತಿದ್ದೆ. ವೈರು ಶಲ್ಯದೊಳಗಿನಿಂದ ಎಡಗಿವಿಗೆ. ಮೊಬೈಲು ಬೇಡ, ಮಂತ್ರದ ನಡುವೆ ಯಾರಾದರೂ ಫೋನ್ ಮಾಡಿದರೆ ಮುಗಿಯಿತು. ಇದಕ್ಕೆ ಆ ತಾಪತ್ರಯವಿಲ್ಲ. ಅಪ್ಪ ಕಿವಿಯಲ್ಲಿ ಒಂದು ತುಂಡು ಹೇಳುತ್ತಿದ್ದರು, ನಾನು ಬಾಯಲ್ಲಿ ಹೇಳುತ್ತಿದ್ದೆ, ಮನೆಯವರು ನನ್ನ ಹಿಂದೆ ಹೇಳುತ್ತಿದ್ದರು. ಹೆಸರಿನ ಜಾಗ ಬಂದಾಗ ಹೆಬ್ಬೆರಳಿನಿಂದ ಗುಂಡಿ ಒತ್ತಿ ನಿಲ್ಲಿಸಿ, ಪಂಚಾಂಗದಲ್ಲಿ ಇಟ್ಟುಕೊಂಡ ಚೀಟಿ ನೋಡಿ ಅವರ ಮನೆಯ ಹೆಸರು ಓದುತ್ತಿದ್ದೆ. ಕಿವಿಯಲ್ಲಿರುವುದು ಏನೆಂದು ಕೇಳಿದವರಿಗೆ, ಸ್ವಲ್ಪ ಕಿವಿ ಮಂದ ಎನ್ನುತ್ತಿದ್ದೆ. ಒಂದು ಮನೆಯಲ್ಲಿ ಮೈಮರೆತು "ಸೀನ, ಇಲ್ಲಿ ನೀರು ಬಿಡ್ಸು" ಎಂದು ನಾನು ಅಂದು, ಆ ಯಜಮಾನರೂ ಕಣ್ಣು ಮುಚ್ಚಿ ಭಕ್ತಿಯಿಂದ "ಸೀನ, ಇಲ್ಲಿ ನೀರು ಬಿಡ್ಸು" ಎಂದುಬಿಟ್ಟರು. ಮನೆಗೆ ಬಂದು ಹೆಂಡತಿಗೆ ಹೇಳಿಕೊಂಡು ನಕ್ಕದ್ದೇ ನಕ್ಕದ್ದು. ಅವತ್ತೇ ಎಚ್ಚೆತ್ತುಕೊಳ್ಳಬೇಕಿತ್ತು, ಅಲ್ಲವೇ?

ಇನ್ನು ಸಾವಿತ್ರಮ್ಮನವರ ವಿಷಯ. ಎಪ್ಪತ್ತು ದಾಟಿದ ಹೆಂಗಸು, ಗಟ್ಟಿ ಜೀವ. ಅವರು ಹಳೆಯ ಪದ್ಧತಿಯವರು, ಗಂಡನ ಹೆಸರನ್ನು ಬಾಯಲ್ಲಿ ಹೇಳುವವರಲ್ಲ. ಗಂಡ ಇದ್ದಾಗಲೂ ಹೇಳಲಿಲ್ಲ, ಹೋದ ಮೇಲೂ ಹೇಳಲಿಲ್ಲ. "ಅವರು" ಎಂದರೆ ಆಯಿತು. ತಿಥಿಯ ದಿನ ಅಡುಗೆಮನೆಯ ಬಾಗಿಲ ಪರದೆಯ ಹಿಂದೆ ಮಣೆ ಹಾಕಿಕೊಂಡು ಕೂತಿರುತ್ತಿದ್ದರು. ಒಂದು ವರ್ಷ ಅವರೇ ನನಗೆ ಹೇಳಿದ್ದರು: "ವರ್ಷಕ್ಕೆ ಇವತ್ತೊಂದು ದಿನ ಈ ಮನೇಲಿ ಅವರ ಹೆಸರು ಕೇಳ್ಸತ್ತೆ ಶಾಸ್ತ್ರಿಗಳೇ. ಅದಕ್ಕೇ ಇಲ್ಲೇ ಕೂತ್ಕೋತೀನಿ." ಈ ಮಾತು ನನಗೆ ಗೊತ್ತಿತ್ತು. ಗೊತ್ತಿದ್ದೂ...

ಆ ವರ್ಷದ ತಿಥಿಯ ಹೊತ್ತಿಗೆ ನಮ್ಮಪ್ಪ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಪಿಂಡದ ಹೊತ್ತು. ಹೆಸರಿನ ಜಾಗ ಬಂತು. ಕಿವಿಯಲ್ಲಿ ಅಪ್ಪ, "ಸೀನ, ಇಲ್ಲಿ ನಿಲ್ಸು" ಎಂದರು. ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಒತ್ತಿದೆನೋ, ಬೆವರಿಗೆ ಜಾರಿತೋ, ಅಥವಾ ಒತ್ತುವ ಮನಸ್ಸೇ ಆಗಲಿಲ್ಲವೋ – ಎಷ್ಟು ಸಲ ಯೋಚಿಸಿದರೂ ತಿಳಿಯುವುದಿಲ್ಲ. ಅಪ್ಪ ತಮ್ಮ ತಂದೆಯ ಹೆಸರು ಹೇಳುತ್ತಿದ್ದರು, ಆ ಧ್ವನಿಯನ್ನು ನಡುವೆ ಕತ್ತರಿಸಲು ನನಗೆ ಆಗಲಿಲ್ಲ ಎಂದು ಕೆಲವೊಮ್ಮೆ ಅನ್ನಿಸುತ್ತದೆ. ಅದು ನಿಜವೋ, ನನಗೆ ನಾನೇ ಹೇಳಿಕೊಂಡ ಸಮಾಧಾನವೋ! ಬಾಯಿ ಮಾತ್ರ ಹೇಳಿಯಾಗಿತ್ತು. ನಮ್ಮ ಗೋತ್ರ, ನಮ್ಮ ತಾತ, ನಮ್ಮ ಮುತ್ತಾತ. ಗುರುರಾಜ್ ತುಂಡು ತುಂಡಾಗಿ ನನ್ನ ಹಿಂದೆಯೇ ಹೇಳಿದರು. ಅವರ ಗಮನವೆಲ್ಲ ಕೈಯಲ್ಲಿದ್ದ ಅನ್ನದ ಉಂಡೆ ಒಡೆಯದಂತೆ ಇಡುವುದರಲ್ಲಿತ್ತು.

ಎರಡನೆಯ ಪಿಂಡಕ್ಕೆ ಬರುವಷ್ಟರಲ್ಲಿ ನನಗೆ ಹೊಳೆಯಿತು. ತಪ್ಪಾಯಿತು, ಮತ್ತೆ ಮೊದಲಿನಿಂದ ಮಾಡೋಣ ಎಂದಿದ್ದರೆ ಆಗುತ್ತಿತ್ತು. ಅರ್ಧ ಗಂಟೆಯ ಕೆಲಸ. ಆದರೆ ತಪ್ಪು ಹೇಗಾಯಿತು ಎಂದು ಕೇಳಿದರೆ? ಶಲ್ಯದೊಳಗಿನ ವೈರು ಹೊರಗೆ ಬರಬೇಕಾಗುತ್ತಿತ್ತು. ಹಾಗೇ ಮುಂದುವರಿಸಿದೆ.

ಎಲ್ಲ ಮುಗಿದು ನಾನು ಚೀಲ ಕಟ್ಟುತ್ತಿದ್ದಾಗ ಸಾವಿತ್ರಮ್ಮನವರು ಪರದೆ ಸರಿಸಿ ಹೊರಗೆ ಬಂದರು.

"ಶಾಸ್ತ್ರಿಗಳೇ, ತಪ್ಪು ತಿಳ್ಕೋಬೇಡಿ. ಈ ಸಲ ಅವರ ಹೆಸರು ಬರಲಿಲ್ಲ."

ನಾನು ತಲೆಯೆತ್ತದೆ ಹೇಳಿದೆ: "ಬಂತಲ್ಲಮ್ಮಾ, ಎಷ್ಟು ಸಲ ಬಂತು! ನಿಮ್ಮ ಗಮನ ಎಲ್ಲೋ ಹೋಗಿತ್ತೇನೋ."

"ಇಲ್ಲ, ಬರಲಿಲ್ಲ" ಎಂದು ಅವರು ಮತ್ತೆ ಅಂದರು. ಆಗ ಗುರುರಾಜ್, "ಅಮ್ಮಾ, ಸುಮ್ನಿರು. ನಾನೇ ಹೇಳಿದೀನಲ್ಲ ನನ್ನ ಬಾಯಲ್ಲಿ. ಮೊನ್ನೆ ನೀನು ಗ್ಯಾಸ್ ಆರ್ಸೋದೂ ಮರ್ತಿದ್ದೆ, ಈಗ ಇದು" ಎಂದರು. ಸಾವಿತ್ರಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಚೀಲದ ಜಿಪ್ಪು ಎಳೆದುಕೊಂಡೆ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆರೇಳು ತಿಂಗಳ ಮೇಲೆ ಗುರುರಾಜ್ ನನ್ನ ಅಂಗಡಿಗೇ ಬಂದರು. ತಾಯಿಯ ಆಸ್ಪತ್ರೆಯ ಕಾಗದಗಳನ್ನು ಎರಡೆರಡು ಪ್ರತಿ ಜೆರಾಕ್ಸ್ ಮಾಡಿಸಬೇಕಿತ್ತು. ಗಾಜಿನ ಮೇಲೆ ಬೋರಲು ಹಾಕುವಾಗ ಕಣ್ಣು ಓದಿಬಿಡುತ್ತದೆ, ಅದು ನಮ್ಮ ಕಸುಬಿನ ಚಾಳಿ. ಮರೆವಿನ ಪರೀಕ್ಷೆಯ ಹಾಳೆ ಅದು. ಇವತ್ತು ಯಾವ ವಾರ, ಯಾವ ತಿಂಗಳು ಎಂಬಂಥ ಪ್ರಶ್ನೆಗಳು. ಎಲ್ಲದಕ್ಕೂ ಸರಿ ಎಂಬ ಗುರುತು. ಒಂದರ ಮುಂದೆ ಮಾತ್ರ ಬೇರೆ. ಗಂಡನ ಹೆಸರು – ಹೇಳಲಿಲ್ಲ.

"ನೋಡಿ ಶಾಸ್ತ್ರಿಗಳೇ" ಎಂದರು ಗುರುರಾಜ್. "ಅವತ್ತು ನಿಮ್ಮನ್ನ ಕೇಳಿದ್ರಲ್ಲ, ಹೆಸರು ಬರಲಿಲ್ಲ ಅಂತ. ಅವಾಗ್ಲೇ ಶುರುವಾಗಿತ್ತು ಅನ್ಸತ್ತೆ. ಈಗ ಅಪ್ಪನ ಹೆಸರೇ ಮರ್ತಿದಾರೆ." ಅವರ ಕಣ್ಣು ತುಂಬಿತ್ತು. ಮಗ ಕೆಟ್ಟವರಲ್ಲ. ಮಾತ್ರೆ ಶುರುಮಾಡಿದ್ದಾರಂತೆ. ಒಲೆಯ ಹತ್ತಿರ ಬಿಡುತ್ತಿಲ್ಲವಂತೆ. ದೇವಸ್ಥಾನಕ್ಕೆ ಒಬ್ಬರೇ ಹೋಗುತ್ತಿದ್ದವರನ್ನು ಈಗ ಗೇಟು ದಾಟಲು ಬಿಡುವುದಿಲ್ಲವಂತೆ.

ಅವರು ಮರೆತಿಲ್ಲ, ಹೇಳುವುದಿಲ್ಲ ಅಷ್ಟೇ ಎಂಬ ಮಾತು ನನ್ನ ಗಂಟಲವರೆಗೆ ಬಂದಿತ್ತು. ಡಾಕ್ಟರ ಮುಂದೆ ತಲೆ ತಗ್ಗಿಸಿ ನಕ್ಕು ಸುಮ್ಮನಾಗಿರುತ್ತಾರೆ, ನನಗೆ ಕಣ್ಣಿಗೆ ಕಟ್ಟಿದಂತಿತ್ತು. ಆದರೆ ಇದನ್ನು ಹೇಳಿದರೆ, ಮೊದಲ ದಿನದ್ದನ್ನೂ ಹೇಳಬೇಕು. ಕಾಗದಗಳನ್ನು ಜೋಡಿಸಿ, ಪಿನ್ನು ಹೊಡೆದು ಕೊಟ್ಟೆ. ಹೇಡಿ. ಬೇರೆ ಶಬ್ದ ಹುಡುಕುವ ಅಗತ್ಯವಿಲ್ಲ.

ಮುಂದಿನ ಎರಡು ತಿಥಿಗಳನ್ನೂ ನಾನೇ ಮಾಡಿಸಿದೆ. ಹೆಸರನ್ನು ಗಟ್ಟಿಯಾಗಿ, ಬೀದಿಗೆ ಕೇಳುವಂತೆ ಹೇಳಿದೆ. ಪರದೆಯ ಹಿಂದೆ ಮಣೆ ಇರಲಿಲ್ಲ. ಮಾತ್ರೆಯ ಮಂಪರಿನಲ್ಲಿ ಒಳಗೆ ಮಲಗಿದ್ದಾರೆ ಎಂದರು ಸೊಸೆ.

ಇದರಲ್ಲೆಲ್ಲ ನನಗೆ ನಂಬಿಕೆ ಇದೆಯೇ? ಇದ್ದಿದ್ದರೆ ಕಿವಿಗೆ ವೈರು ಹಾಕಿಕೊಂಡು ಪಿತೃಕಾರ್ಯ ಮಾಡಿಸುತ್ತಿದ್ದೆನೇ? ಇಲ್ಲದಿದ್ದರೆ, ನಮ್ಮ ತಾತ ಬೇರೆಯವರ ಎಲೆಯಲ್ಲಿ ಕೂತು ಉಂಡುಬಿಟ್ಟರಲ್ಲ ಎಂದು ಜೆರಾಕ್ಸ್ ಮಾಡುವಾಗ, ಬಸ್ಸಿಗೆ ಕಾಯುವಾಗ ಯಾಕೆ ನಾಚಿಕೆಯಾಗುತ್ತದೆ? ಒಮ್ಮೆ ಹೀಗೆ ಅನ್ನಿಸುತ್ತದೆ, ಒಮ್ಮೆ ಹಾಗೆ. ತಲೆ ಕೆಟ್ಟು ಹೋಗುತ್ತದೆ.

ಹೋದ ತಿಂಗಳು ನಮ್ಮಪ್ಪನ ತಿಥಿ. ಪ್ರತಿವರ್ಷ ಬರುತ್ತಿದ್ದ ಸಿದ್ದಾಪುರದ ಪುರೋಹಿತರಿಗೆ ಹುಷಾರಿಲ್ಲ. ನಾನೇ ಪ್ಲೇಯರು ಹಾಕಿಕೊಂಡು ಕೂತೆ – ಅಪ್ಪನ ಶ್ರಾದ್ಧವನ್ನು ಅಪ್ಪನ ಧ್ವನಿಯಲ್ಲೇ ಕೇಳಿಕೊಂಡು. ಹೆಸರಿನ ಜಾಗ ಬಂತು. "ಸೀನ, ಇಲ್ಲಿ ನಿಲ್ಸು" ಎಂದರು. ನಿಲ್ಲಿಸಿದೆ. ಅದರೊಳಗೆ ತಾತ ಇದ್ದಾರೆ, ಮುತ್ತಾತ ಇದ್ದಾರೆ, ಅಪ್ಪನ ಹೆಸರೊಂದು ಇಲ್ಲ. ತಾವು ಬದುಕಿರುವಾಗ ಅವರು ಹೇಗೆ ಹೇಳಿಯಾರು? ನಾನೇ ಹೇಳಬೇಕು. ಬಾಯಿ ತೆರೆದೆ, ಅಳು ಬಂದುಬಿಟ್ಟಿತು. ಆ ಹೆಸರನ್ನು ಗಟ್ಟಿಯಾಗಿ ಹೇಳಿದ ಮೇಲೇ ಮನೆಯಲ್ಲಿ ಅಪ್ಪ ಒಂದು ಗಳಿಗೆ ಕೂತ ಹಾಗಾಯಿತು. ಪರದೆಯ ಹಿಂದೆ ಕೂತು ಆ ಹೆಂಗಸು ಕಾಯುತ್ತಿದ್ದದ್ದು ಇದಕ್ಕೇ ಎಂದು ಆಗ ತಿಳಿಯಿತು. ಎಷ್ಟು ತಡವಾಗಿ ತಿಳಿಯುತ್ತದೆ ನನ್ನಂಥವನಿಗೆ.

ಮಾರನೆಯ ದಿನ ಮಧ್ಯಾಹ್ನ ಅಂಗಡಿ ಮುಚ್ಚಿ ಇಟ್ಟಮಡುವಿಗೆ ಹೋದೆ. ಸಾವಿತ್ರಮ್ಮ ಹಜಾರದ ಕುರ್ಚಿಯಲ್ಲಿ ಕೂತಿದ್ದರು. ಸೊರಗಿದ್ದರು. ಸೊಸೆಯ ಎದುರಿಗೇ ಎಲ್ಲವನ್ನೂ ಹೇಳಿದೆ. ಹೇಳಿದ್ದು ಸರಿಯಾಗಿ ಬರಲಿಲ್ಲ, ಮೊದಲಿನದು ಕೊನೆಗೆ, ಕೊನೆಯದು ಮೊದಲಿಗೆ. ಪ್ಲೇಯರು ತೆಗೆದು, ಇಯರ್‌ಫೋನು ಅವರ ಕಿವಿಗೆ ಕೊಟ್ಟು, ಆ ಜಾಗವನ್ನು ಕೇಳಿಸಿದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಇದೇ ಹೆಸರು ಅವತ್ತು ನೀವು ಹೇಳಿದ್ದು" ಎಂದರು. ಆಮೇಲೆ ಇಯರ್‌ಫೋನು ತೆಗೆದು ನನ್ನ ಕೈಗಿಟ್ಟರು. "ನನಗೆ ಯಾಕೆ ಹೇಳ್ತೀರಿ? ನನಗೆ ಅವತ್ತೇ ಗೊತ್ತಿತ್ತು. ನನ್ನ ಮಗನಿಗೆ ಹೇಳಿ."

ಸಂಜೆ ಗುರುರಾಜ್ ಬರುವವರೆಗೆ ಅಲ್ಲೇ ಕೂತಿದ್ದೆ. ಕಾಫಿ ಕೊಟ್ಟರು, ಕುಡಿಯಲಾಗಲಿಲ್ಲ. ಅವರು ಬಂದ ಮೇಲೆ ಮತ್ತೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಹೆಲ್ಮೆಟ್ಟು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು.

"ಆಯ್ತು, ಅದು ನಿಮ್ಮ ತಪ್ಪು. ಆದ್ರೆ ಡಾಕ್ಟ್ರು ಕೇಳಿದ್ರೂ ಅಮ್ಮ ಹೆಸರು ಹೇಳಲಿಲ್ವಲ್ಲ? ಎರಡೆರಡು ಸಲ ಕೇಳಿದ್ರು, ನಾನು ಪಕ್ಕದಲ್ಲೇ ಇದ್ದೆ. ಅಂಥ ಕಡೆಯೂ ಯಾರಾದ್ರೂ ಶಾಸ್ತ್ರ ನೋಡ್ತಾರಾ?"

ನಾನು ಏನೋ ಹೇಳಹೊರಟೆ. ಅಷ್ಟರಲ್ಲಿ ಸಾವಿತ್ರಮ್ಮ ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ಸೆರಗು ಸರಿಮಾಡಿಕೊಂಡರು. ಮಗನ ಮುಖ ನೋಡಲಿಲ್ಲ, ಗೋಡೆಯ ಮೇಲಿನ ಫೋಟೋ ನೋಡಿದರು.

"ಭಾರದ್ವಾಜ ಗೋತ್ರ" ಎಂದರು. "ಅನಂತಪದ್ಮನಾಭ. ಅವರ ತಂದೆ ರಾಮಚಂದ್ರ. ಅವರ ತಂದೆ ಇನ್ನೊಬ್ಬರು ಅನಂತಪದ್ಮನಾಭ. ಸಾಕಾ ಗುರು? ಇನ್ನೂ ಹೇಳಬೇಕಾ?"

ಗುರುರಾಜ್ ಮುಖ ಮುಚ್ಚಿಕೊಂಡರು. ಸಾವಿತ್ರಮ್ಮ ಗೋಡೆ ಹಿಡಿದುಕೊಂಡು ಒಳಗೆ ಹೋದರು. ಅವರು ನನ್ನನ್ನು ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ.

ಈಗ ಅವರನ್ನು ಬೇರೆ ಡಾಕ್ಟರಿಗೆ ತೋರಿಸುತ್ತಿದ್ದಾರೆ ಎಂದು ಗುರುರಾಜ್ ಫೋನಿನಲ್ಲಿ ಹೇಳಿದರು. ಆ ಮನೆಯ ತಿಥಿಗೆ ಇನ್ನು ಬೇರೆಯವರು ಬರುತ್ತಾರೆ. ಉಳಿದ ಮನೆಗಳಿಗೂ ಒಂದೊಂದಾಗಿ ಹೋಗಿ ನನಗೆ ಮಂತ್ರ ಬರುವುದಿಲ್ಲ ಎಂದು ಹೇಳುತ್ತಿದ್ದೇನೆ. ಕೆಲವರು ನಗುತ್ತಾರೆ, ಕೆಲವರು ಬಾಗಿಲು ಹಾಕಿಕೊಳ್ಳುತ್ತಾರೆ. ಪ್ಲೇಯರು ಅಂಗಡಿಯ ಡ್ರಾಯರಿನಲ್ಲಿದೆ, ಅದರಲ್ಲಿರುವುದನ್ನು ಅಳಿಸಿಲ್ಲ. ಮದುವೆಯಾಗಿ ಬಂದ ದಿನದಿಂದ ಸಾವಿತ್ರಮ್ಮನವರು ಬಾಯಿಗೆ ತಂದುಕೊಳ್ಳದೆ ಕಾಪಾಡಿಕೊಂಡ ಗಂಡನ ಹೆಸರು ಅದು. ನಾನು ಹೇಳಬೇಕಾದ ದಿನ ಹೇಳದೆ ಹೋದದ್ದಕ್ಕೆ, ಅವರು ಅದನ್ನು ತಮ್ಮ ತಲೆ ಸರಿಯಿದೆ ಎಂದು ತೋರಿಸಲು ಹೇಳಬೇಕಾಯಿತು.