ಜಯಮ್ಮನ ಗಾಣದಿಂದ ನಾಲ್ಕು ಬಾಟಲಿ

ಬೆಳಗಿನ ರೈಲು ಬೆಂಗಳೂರು ಬಿಟ್ಟಾಗ ನನ್ನ ತೊಡೆಯ ಮೇಲೊಂದು ಥರ್ಮಾಕೋಲ್ ಡಬ್ಬವಿತ್ತು. ಅದರೊಳಗೆ ಕಂದು ಗಾಜಿನ ಆರು ಖಾಲಿ ಬಾಟಲಿಗಳು. ಮಾಘದ ಚಳಿಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಆಹಾರ, ನೀರು, ಗಾಳಿ ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ನಾನು ಹದಿನೇಳು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಬೋರ್‌ವೆಲ್ ನೀರಿನ ಫ್ಲೋರೈಡ್, ಸೊಪ್ಪಿನ ಮೇಲಿನ ಕೀಟನಾಶಕ, ಅರಿಶಿನಕ್ಕೆ ಬೆರೆಸಿದ ಬಣ್ಣ, ಎಲ್ಲವೂ ನನ್ನ ಮೇಜಿಗೇ ಬರುತ್ತವೆ. ಅವು ಹುಟ್ಟಿದ ಊರಿಗೆ ನಾನು ಹೋಗುವುದಿಲ್ಲ. ಈ ಸಲ ಹೋಗಬೇಕಾಯಿತು, ಹೆಂಗಸೊಬ್ಬರು ಫೋನಿನಲ್ಲಿ ನನ್ನನ್ನು ತರಾಟೆಗೆ ತೆಗೆದುಕೊಂಡದ್ದರಿಂದ.

ಆಕೆಯ ಹೆಸರು ಜಯಮ್ಮ. ಕಿಬ್ಬನಹಳ್ಳಿಯಿಂದ ಚಿಕ್ಕನಾಯಕನಹಳ್ಳಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಗಂಡ ರುದ್ರಣ್ಣನ ಜೊತೆ ಮರದ ಗಾಣ ಇಟ್ಟುಕೊಂಡು ಕೊಬ್ಬರಿ ಎಣ್ಣೆ ತೆಗೆಯುತ್ತಾರೆ. ನಗರದ ಅಂಗಡಿಯೊಂದು ಎಣ್ಣೆ ಕೊಳ್ಳುವ ಮುಂಚೆ ನಮ್ಮಲ್ಲಿ ಪರೀಕ್ಷೆಗೆ ಕಳುಹಿಸಿತ್ತು. ಅದರಲ್ಲಿ ಬೆಂಜೋಪೈರೀನ್ ಸಿಕ್ಕಿತು. ಅದು ಹೊಗೆಯಲ್ಲಿರುವ ವಿಷ, ಕ್ಯಾನ್ಸರ್ ತರುವಂಥದ್ದು. ಇರಬಹುದಾದ ಮಿತಿಗಿಂತ ಹೆಚ್ಚೇ ಇತ್ತು. ಇನ್ನೊಂದೇ ಪರೀಕ್ಷೆಗೆ ಅಂಗಡಿಯವರು ಒಪ್ಪಿದ್ದರು. ವರದಿ ತಲುಪಿದ ದಿನವೇ ಜಯಮ್ಮ ಫೋನ್ ಮಾಡಿದರು.

"ನೀವು ಎಣ್ಣೆ ನೋಡಿದೀರಿ, ಗಾಣ ನೋಡಿಲ್ಲ. ಬಂದು ನೋಡ್ರಿ. ಇನ್ನೊಂದ್ ಸಲನೂ ಹಿಂಗೇ ಬಂದ್ರೆ ಗಾಣ ಕಿತ್ತಾಕ್ತೀನಿ. ವಿಷ ಮಾರ್ಕೊಂಡು ಬದುಕೋ ಜನ ಅಲ್ಲ ಕಣ್ರೀ ನಾವು."

ನನಗೆ ಸಿಟ್ಟು ಬಂತು. ನನ್ನ ಯಂತ್ರದ ಮೇಲೆ ಯಾರಾದರೂ ಅನುಮಾನಪಟ್ಟರೆ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದೇಕೆ? ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಎಂಬ ಆ ಯಂತ್ರದಲ್ಲಿ ಕೂದಲಿಗಿಂತ ತುಸುವೇ ದಪ್ಪನೆಯ ಉದ್ದದ ಕೊಳವೆಯೊಂದಿದೆ. ಮಾದರಿಯನ್ನು ಕಾಯಿಸಿ ಅದರೊಳಗೆ ಬಿಟ್ಟರೆ, ಶಾಲೆ ಬಿಟ್ಟ ಮಕ್ಕಳು ಗೇಟಿನಿಂದ ಒಬ್ಬೊಬ್ಬರೇ ಹೊರಗೆ ಬರುವ ಹಾಗೆ ಒಂದೊಂದು ರಾಸಾಯನಿಕವೂ ತನ್ನ ತನ್ನ ಹೊತ್ತಿಗೆ ಆಚೆ ಬರುತ್ತದೆ. ಆಚೆ ತುದಿಯ ಇನ್ನೊಂದು ಯಂತ್ರ ಅದರ ಗುರುತು ಹಿಡಿಯುತ್ತದೆ. ಪರದೆಯ ಮೇಲೆ ಒಂದು ಗುಡ್ಡ ಏಳುತ್ತದೆ. ಮೂಗಿಗೂ ನಾಲಿಗೆಗೂ ಸಿಗದ್ದನ್ನು ಅದು ಹಿಡಿದು ತೋರಿಸುತ್ತದೆ. ಅದನ್ನು ನಡೆಸಲು ಬರುತ್ತದೆ ಎನ್ನುವ ಹೆಮ್ಮೆ ನನಗೆ ಚೆನ್ನಾಗಿಯೇ ಇದೆ. ಎರಡು ದಿನ ರಜೆ ಹಾಕಿ ಹೊರಟೇಬಿಟ್ಟೆ.

ಗುಬ್ಬಿ ದಾಟಿದ ಮೇಲೆ ಕಿಟಕಿಯಾಚೆ ತೆಂಗು ಬಿಟ್ಟರೆ ಬೇರೇನೂ ಇಲ್ಲ. ತಿಪಟೂರಿನಲ್ಲಿ ಇಳಿದು ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಎರಡು ತಟ್ಟೆ ಇಡ್ಲಿ ತಿಂದೆ. ಮಾರುಕಟ್ಟೆಯ ಕಡೆಯಿಂದ ಬರುವ ಗಾಳಿಗೆ ಕೊಬ್ಬರಿಯ ವಾಸನೆಯಿತ್ತು. ಬಸ್ಸಿನಲ್ಲಿ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟು, ಡಬ್ಬದ ಕಡೆ ನೋಡಿದ.

"ಏನವ್ವಾ ಅದ್ರಾಗೆ, ಮೀನಾ?"

"ಖಾಲಿ ಬಾಟ್ಲಿ."

"ಖಾಲಿ ಬಾಟ್ಲಿನ ಇಷ್ಟು ನಾಜೂಕಾಗಿ ತಬ್ಕೊಂಡಿರೋರ್ನ ಇವತ್ತೇ ನೋಡಿದ್ದು, ಬುಡಿ!" ಎಂದ. ಹಿಂದಿನ ಸೀಟಿನವರು ನಕ್ಕರು. ನಾನೂ ನಕ್ಕೆ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ಬದಲಿಸಿ ಊರು ಸೇರಿದಾಗ ಹತ್ತೂವರೆ.

ಜಯಮ್ಮನಿಗೆ ಅರವತ್ತರ ಆಸುಪಾಸು. ಹಣೆಯಲ್ಲಿ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಕೈಗೆ ನೀರು ಕೊಟ್ಟವರು ಕುಳಿತುಕೊಳ್ಳಿ ಎಂದೂ ಅನ್ನದೆ, "ಎಲ್ಲಿಂದ ನೋಡ್ತೀರಿ?" ಎಂದರು. ನಾನು ಅಟ್ಟದಿಂದ ಎಂದೆ. ದಾರಿಯುದ್ದಕ್ಕೂ ನಾನು ಲೆಕ್ಕ ಹಾಕಿಕೊಂಡು ಬಂದದ್ದು ಅದನ್ನೇ. ಈ ಸೀಮೆಯಲ್ಲಿ ಕಾಯನ್ನು ಮಟ್ಟೆಯ ಸಮೇತ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದಲ್ಲಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಿಟುಕಾಗುತ್ತದೆ. ಕೆಳಗೆ ಅಡುಗೆ ಒಲೆಯಿದ್ದರೆ ಹೊಗೆ ಮೇಲಕ್ಕೇ ಹೋಗುತ್ತದೆ. ಒಂದು ಸಣ್ಣ ಭಾಷಣವನ್ನೂ ಸಿದ್ಧ ಮಾಡಿಕೊಂಡಿದ್ದೆ.

ಅಟ್ಟದ ಕೆಳಗೆ ಒಲೆಯೇ ಇರಲಿಲ್ಲ. ಅದು ಹಸು ಕಟ್ಟುವ ಕೊಟ್ಟಿಗೆಯಾಗಿತ್ತು. ರುದ್ರಣ್ಣ ಏಣಿ ಹತ್ತಿ ಒಂದು ಕಾಯಿ ತಂದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಗಿಟುಕು ಲೊಟಲೊಟ ಅಂದಿತು. ಸುಲಿದು, ಚಿಪ್ಪು ಒಡೆದು ಅಂಗೈಗಿಟ್ಟರು.

"ಮೂಸಿ ನೋಡಿ. ಹೊಗೆ ಐತಾ?"

ಇರಲಿಲ್ಲ. ಮಟ್ಟೆ, ಚಿಪ್ಪು ಎರಡನ್ನೂ ದಾಟಿ ಹೊಗೆ ಒಳಗೆ ಹೋಗುವುದೂ ಕಷ್ಟ. ಭಾಷಣವನ್ನು ನುಂಗಿಕೊಂಡೆ. ಗಾಣ ನೋಡಿದೆ. ಅದನ್ನು ತಿರುಗಿಸುವುದು ಕರೆಂಟಿನ ಮೋಟಾರು, ಅದೂ ಗೋಡೆಯಾಚೆ. ಗಾಣದ ಬಾಯಿಂದ ಇಳಿಯುವ ಎಣ್ಣೆಯಲ್ಲಿ ಕೆಳಗಿಟ್ಟ ಪಾತ್ರೆಯ ತಳ ಕಾಣುತ್ತಿತ್ತು. ಒಂದು ಬಾಟಲಿ ತುಂಬಿಸಿಕೊಂಡು ಚೀಟಿ ಅಂಟಿಸಿದೆ. ನಿಜ ಹೇಳಬೇಕೆಂದರೆ ಆಗ ನನಗೆ ದಿಗಿಲಾಯಿತು. ಇಲ್ಲಿ ತಪ್ಪಿಲ್ಲವೆಂದರೆ ತಪ್ಪು ನನ್ನ ಯಂತ್ರದ್ದೇ?

ಹೊರಡುತ್ತೇನೆಂದಾಗ ಜಯಮ್ಮ ಬಿಡಲಿಲ್ಲ. "ಮನೆಗೆ ಒಂದು ಡಬ್ಬ ಎಣ್ಣೆ ತಗೊಂಡೋಗಿ. ಜಗಳ ಆಡಿದ್ದು ಬೇರೆ, ನೆಂಟಸ್ತಿಕೆ ಬೇರೆ" ಎಂದು ಸ್ಟೀಲ್ ಡಬ್ಬವೊಂದನ್ನು ತೆಗೆದರು. ಹುಣಸೆಹಣ್ಣು ಹಾಕಿ ತಿಕ್ಕಿದರು, ಮೂರು ನೀರಲ್ಲಿ ತೊಳೆದರು. ಆಮೇಲೆ ಬಚ್ಚಲ ಒಲೆಯ ಹತ್ತಿರ ಹೋಗಿ, ನಿಗಿನಿಗಿ ಅನ್ನುತ್ತಿದ್ದ ಚಿಪ್ಪಿನ ಕೆಂಡದ ಮೇಲೆ ಡಬ್ಬವನ್ನು ಬೋರಲು ಹಿಡಿದರು. ನೀಲಿ ಹೊಗೆ ಸುರುಳಿ ಸುರುಳಿಯಾಗಿ ಡಬ್ಬದೊಳಕ್ಕೆ ಏರಿತು.

"ಅಮ್ಮಾ, ಏನು ಮಾಡ್ತಿದೀರಿ?"

"ಒಣಗಿಸ್ತಿದೀನಿ ಕಣವ್ವ. ನೀರಿನ ಪಸೆ ಉಳಿದ್ರೆ ಎಣ್ಣೆ ಕೆಟ್ಟೋಯ್ತದೆ. ಹಾಲಿನ ಗಡಿಗೆನೂ ಹಿಂಗೇ ಕಾಯ್ಸೋದಲ್ವಾ ನಾವು?"

"ಪರೀಕ್ಷೆಗೆ ಕೊಟ್ಟ ಡಬ್ಬಾನೂ?"

"ಅದನ್ನ ಎಲ್ಡು ಸಲ ಹಿಡ್ದಿದ್ದೆ. ದೊಡ್ಡ ಜಾಗಕ್ಕೆ ಹೋಗೋದು, ಚೊಕ್ಕಟವಾಗಿರ್ಲಿ ಅಂತ."

ನಾನು ಬಚ್ಚಲ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಆ ಹೊಗೆಯ ಜಿಡ್ಡು ಡಬ್ಬದೊಳಗೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕೂರುತ್ತದೆ, ಎಣ್ಣೆ ಸುರಿದಾಗ ಅದರಲ್ಲಿ ಕರಗುತ್ತದೆ. ನಾನು ಹುಡುಕಿಕೊಂಡು ಬಂದ ವಿಷ ಅವರ ಅತಿ ಶುಚಿಯಲ್ಲಿತ್ತು. ಮೆಲ್ಲಗೆ ಬಿಡಿಸಿ ಹೇಳಿದೆ. ಜಯಮ್ಮನ ಮುಖ ಸಣ್ಣದಾಯಿತು.

"ಅಂದ್ರೆ ಎಣ್ಣೆ ಕೆಟ್ಟದ್ದಲ್ಲ, ನಾನೇ ಕೆಡಿಸ್ದೆ. ಊರ ಮಕ್ಕಳೆಲ್ಲ ತಿಂತವಲ್ಲವ್ವ ಇದನ್ನ."

ಏನೂ ಆಗುವುದಿಲ್ಲ ಎಂದುಬಿಡಬಹುದಿತ್ತು. ಹಾಗೆ ಹೇಳುವುದು ನನ್ನ ಕಸುಬಿನವರಿಗೆ ಸಲ್ಲದು. "ಇದು ನನ್ನ ಊಹೆ ಅಷ್ಟೇ ಅಮ್ಮ. ಅಳೆದು ನೋಡೋತನಕ ಯಾವುದೂ ಖಾತ್ರಿಯಿಲ್ಲ. ಇದ್ದರೂ ಬಹಳ ಸಣ್ಣ ಪ್ರಮಾಣ, ದಿನಾ ವರ್ಷಗಟ್ಟಲೆ ತಿಂದರೆ ಭಯ" ಎಂದೆ. ಜಯಮ್ಮ ಒಂದು ಚೊಂಬು ನೀರು ತಂದು ಸುರಿದು ಒಲೆ ಆರಿಸಿದರು.

"ಸರಿ, ಅಳೀರಿ. ಗಾಣದ ಬಾಯಿಂದು ಒಂದು ತಗೊಂಡಿದೀರಿ. ಬಿಸಿಲಿಗೆ ಒಣಗಿಸಿದ ಡಬ್ಬದ್ದು ಒಂದು, ಕೆಂಡಕ್ಕೆ ಹಿಡಿದ ಈ ಡಬ್ಬದ್ದು ಒಂದು. ಮೂರಾಯ್ತು." ನನ್ನ ಥರ್ಮಾಕೋಲ್ ಡಬ್ಬದ ಕಡೆ ಕೈ ತೋರಿಸಿದರು. "ನಾಕನೇದು ಖಾಲಿ ಬಾಟ್ಲಿ. ಇಲ್ಲೇ ಮುಚ್ಚಳ ತೆಗೆದಿಟ್ಟು, ಮುಚ್ಚಿ, ಅದನ್ನೂ ನೋಡ್ರಿ. ನಿಮ್ಮ ಬಾಟ್ಲಿನೇ ಕೊಳೆ ಆಗಿದ್ರೆ ನಮ್ಮ ಮೇಲೆ ಯಾಕೆ ಹಾಕ್ತೀರಿ?"

ನಾವು ಅದನ್ನು ಬ್ಲ್ಯಾಂಕ್ ಅನ್ನುತ್ತೇವೆ. ಎಂ.ಎಸ್ಸಿ. ಮುಗಿಸಿ ಬಂದವರಿಗೆ ಅದೇಕೆ ಬೇಕೆಂದು ಮನದಟ್ಟು ಮಾಡಿಸುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತದೆ. ಆರು ಬಾಟಲಿಯಲ್ಲಿ ಒಂದನ್ನು ತಂದದ್ದೇ ಅದಕ್ಕಾಗಿ. ಆದರೆ ಇಲ್ಲಿ ಅದನ್ನು ಕೇಳಿದ್ದು ನಾನಲ್ಲ, ತನ್ನ ಹೆಸರಿಗಾಗಿ ನಿಂತ ಹೆಂಗಸು.

ಇನ್ನೊಂದು ಡಬ್ಬ ಬಿಸಿಲಿಗೆ ಒಣಗುವಷ್ಟರಲ್ಲಿ ಊಟವಾಯಿತು. ರಾಗಿಮುದ್ದೆ, ಅವರೆಕಾಳು ಸಾರು, ಹುಚ್ಚೆಳ್ಳು ಚಟ್ನಿ. ಜಯಮ್ಮ ಬಡಿಸಿದರು, ತಾವು ಉಣ್ಣಲಿಲ್ಲ. ಎರಡೂ ಡಬ್ಬಕ್ಕೆ ಎಣ್ಣೆ ಸುರಿದು, ಒಂದು ಗಂಟೆ ಬಿಟ್ಟು ಬಾಟಲಿಗೆ ತುಂಬಿದ್ದು, ಚೀಟಿ ಅಂಟಿಸಿದ್ದು, ಮುಚ್ಚಳ ಬಿಗಿದದ್ದು ಎಲ್ಲ ಅವರೇ. ನಾನು ಬರೇ ಹೇಳುತ್ತಿದ್ದೆ. ಸಂಜೆ ಬಸ್ಸು ಹತ್ತಿಸಲು ರಸ್ತೆಯವರೆಗೆ ಬಂದರು. ಬಸ್ಸು ತಿರುಗುವಾಗ ನೋಡಿದೆ, ಕೈ ಬೀಸಲಿಲ್ಲ, ಆಗಲೇ ಊರ ಕಡೆಗೆ ಬಿರಬಿರನೆ ನಡೆಯುತ್ತಿದ್ದರು.

ಪ್ರಯೋಗಾಲಯದಲ್ಲಿ ಎರಡನೇ ದಿನ ಫಲಿತಾಂಶ ಬಂತು. ಖಾಲಿ ಬಾಟಲಿಯಲ್ಲಿ ಏನೂ ಇಲ್ಲ. ಗಾಣದ ಬಾಯಿಯದರಲ್ಲಿ ಇಲ್ಲ. ಬಿಸಿಲಿನ ಡಬ್ಬದ್ದರಲ್ಲಿಯೂ ಇಲ್ಲ. ಕೆಂಡಕ್ಕೆ ಹಿಡಿದ ಡಬ್ಬದ ಎಣ್ಣೆಗೆ ಮಾತ್ರ, ಬರಬೇಕಾದ ಹೊತ್ತಿಗೆ ಸರಿಯಾಗಿ, ಗುಡ್ಡ ಎದ್ದಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ತಕ್ಷಣ ಫೋನ್ ಮಾಡಿದೆ.

"ಜಯಮ್ಮನವರೇ, ನಿಮ್ಮ ಎಣ್ಣೆ ಅಪ್ಪಟ! ಡಬ್ಬಾನ ಕೆಂಡಕ್ಕೆ ಹಿಡಿಯೋದೊಂದನ್ನ ಬಿಟ್ಟುಬಿಡಿ, ಸಾಕು. ಹಳೇ ಡಬ್ಬ ಯಾರ ಮನೇಲಾದ್ರೂ ಇದ್ದರೆ ವಾಪಸ್ ತರಿಸ್ಕೊಳ್ಳಿ."

"ಅದು ಆಯ್ತಲ್ಲವ್ವ. ನೀವು ಬಸ್ ಹತ್ತಿದ ಸಂಜೆನೇ ಮನೆಮನೆಗೂ ಹೋಗಿ, ಹಿಂಗಿಂಗಾಗೈತೆ, ನನ್ನಿಂದಾದ ತಪ್ಪು ಅಂತ ಹೇಳಿ ತಗೊಂಬಂದೆ. ಎಲ್ಲಾ ಡಬ್ಬ ಜಗಲಿ ಮೇಲವೆ."

"ರಿಪೋರ್ಟ್ ಬರೋದಕ್ಕೆ ಮೊದಲೇ? ನನ್ನ ಊಹೆ ತಪ್ಪಾಗಿದ್ದಿದ್ರೆ?"

"ತಪ್ಪಾಗಿದ್ರೆ ನನ್ನ ಎಣ್ಣೆ ಹೋಗ್ತಿತ್ತು, ಅಷ್ಟೇಯ. ನಿಮ್ಮ ಮಿಷಿನ್ನು ಹೇಳೋಗಂಟ ಮಕ್ಕಳು ತಿಂತಾ ಕೂತಿರ್ಬೇಕಾ?"

ಅಷ್ಟು ಹೊತ್ತೂ ನನ್ನ ಯಂತ್ರದ ಬಗ್ಗೆ ಬೀಗುತ್ತಿದ್ದವಳಿಗೆ ಈಗ ಆಕೆಯ ಬಗ್ಗೆ ಎದೆ ತುಂಬಿ ಬಂತು. ವರದಿ ಸಿದ್ಧಪಡಿಸಲು ಕುಳಿತೆ. ಮಾದರಿ ಸಂಗ್ರಹಿಸಿದವರು ಎಂಬ ಜಾಗದಲ್ಲಿ ಈ ಹದಿನೇಳು ವರ್ಷ ತರಬೇತಿ ಪಡೆದವರ ಹೆಸರನ್ನಷ್ಟೇ ಬರೆದಿದ್ದೇನೆ. ಆ ದಿನ ನನ್ನ ಹೆಸರಿಗಿಂತ ಮೊದಲು ಜಯಮ್ಮ ಎಂದು ಬರೆದೆ.