ಬಾರದವರ ಶುಕ್ರವಾರ

ತೊಂಬತ್ತರ ದಶಕದ ದೋಹಾದಲ್ಲಿ ಚರ್ಚ್ ಕಟ್ಟಲು ಅನುಮತಿಯಿರಲಿಲ್ಲ, ನಮ್ಮ ಕನ್ನಡ ಸಭೆಗೂ ಕಟ್ಟಡವಿರಲಿಲ್ಲ. ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ ಬಿನ್ ಒಮ್ರಾನ್ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿ ಸೇರುತ್ತಿದ್ದೆವು. ಹೊರಗೆ ಗುಂಪು ಕಾಣಬಾರದೆಂದು ಚಪ್ಪಲಿಗಳನ್ನೂ ಒಳಗೇ ತರುತ್ತಿದ್ದೆವು. ನನಗೆ ದೇವರಲ್ಲಿ ನಂಬಿಕೆಯಿರಲಿಲ್ಲ. ಅಕ್ಕನ ಮನೆಯಲ್ಲಿದ್ದೆ, ಆದ್ದರಿಂದ ಹೋಗುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅಂಟಿದ ವಾದದ ಚಟವೂ ನನ್ನ ಜೊತೆಗೇ ಬರುತ್ತಿತ್ತು.

ಸಭೆ ನಡೆಸುತ್ತಿದ್ದವರು ಉಡುಪಿ ಕಡೆಯ ಹಿರಿಯರೊಬ್ಬರು, ವೃತ್ತಿಯಿಂದ ಅಕೌಂಟೆಂಟ್. ಒಂದು ದಿನ ಆರಾಧನೆ ಮುಗಿದು ಚಹಾ ಬಂದಾಗ, “ಸಭೆಗೆ ಈಗ ಏನು ಬೇಕು, ಹೇಳಿ” ಎಂದರು. ಮಕ್ಕಳಿಗೆ ಕನ್ನಡ ಪಾಠ ಎಂದರು ಒಬ್ಬರು. ಕೀಬೋರ್ಡ್ ಎಂದರು ಇನ್ನೊಬ್ಬರು.

“ಅಂಕಲ್, ಬಂದವರನ್ನು ಕೇಳಿದ್ರೆ ಬಂದವರಿಗೆ ಬೇಕಾದ್ದೇ ಗೊತ್ತಾಗ್ತದೆ,” ಎಂದೆ. “ಇಂಡಸ್ಟ್ರಿಯಲ್ ಏರಿಯಾದ ಕಾರ್ಮಿಕರ ಕ್ಯಾಂಪಿನವರು ಯಾಕೆ ಬರುವುದು ಬಿಟ್ರು?”

“ಭಕ್ತಿ ಕಡಿಮೆ ಆಗಿದೆ ಮಾರಾಯ.”

“ನನಗಿಂತಲೂ ಕಡಿಮೆಯಾ? ನಾನು ಬರ್ತೇನಲ್ಲ.”

ಹಿರಿಯರೇ ಮೊದಲು ನಕ್ಕರು. “ಯಲ್ಲಾ, ನಡಿ, ಕಾರು ಹತ್ತು. ಅಲ್ಲಿ ಬಂದು ಮಾತಾಡು.”

ಕ್ಯಾಂಪಿನ ಕೋಣೆಯಲ್ಲಿ ಹಿರಿಯರು ಮತ್ತೆ ‘ಏನು ಬೇಕು’ ಎಂದೇ ಕೇಳಿದರು. ಬಜಪೆಯ ವೆಲ್ಡರೊಬ್ಬ ಮಂಚದಿಂದ ಎದ್ದು ನಿಂತು, “ಎಂತದೂ ಬೇಡ ಸರ್, ಎಲ್ಲ ಉಂಟು. ಕೂತ್ಕೊಳ್ಳಿ, ಚಾ ಕುಡಿಯಿರಿ” ಎಂದ. ಮನೆಗೆ ಬಂದವರೆದುರು ಕೊರತೆ ಹೇಳಿಕೊಳ್ಳುವವರಲ್ಲ ನಾವು ಕರಾವಳಿಯವರು. ತಪ್ಪಿದ್ದದ್ದು ಪ್ರಶ್ನೆಯಲ್ಲಿ. “ಇವತ್ತು ಬೆಳಿಗ್ಗೆಯಿಂದ ಎಂತ ಮಾಡಿದ್ರಿ?” ಎಂದು ನಾನು ಬೇರೆ ದಾರಿಯಲ್ಲಿ ಕೇಳಿದೆ.

“ಬಟ್ಟೆ ಒಗೆದದ್ದು. ವಾರದ್ದೆಲ್ಲ ಇವತ್ತೇ. ನೀರು ಬೆಳಿಗ್ಗೆ ಮಾತ್ರ, ಅದಕ್ಕೂ ಲೈನ್. ಅಷ್ಟೊತ್ತಿಗೆ ನಿಮ್ಮ ಪ್ರಾರ್ಥನೆ ಖಲಾಸ್.” ನಮ್ಮ ಕೈಗೆ ಚಹಾ ಕೊಡುತ್ತಾ ಹೇಳಿದ, “ಸಂಜೆ ಆದ್ರೆ ಬರ್ತಿದ್ದೆ. ನಾಲ್ಕು ಜನರ ಜೊತೆ ಕೀರ್ತನೆ ಹಾಡದೆ ಬದುಕಿದ ಹಾಗೇ ಆಗುವುದಿಲ್ಲ.”

ಹಿರಿಯರು ಚಹಾ ಮುಗಿಸಿ, ಸಂಜೆಯಾದರೆ ಎಷ್ಟು ಜನ ಬರಬಹುದೆಂದು ಲೆಕ್ಕ ಕೇಳಿದರು.

ಮುಂದಿನ ವಾರ ಬೆಳಿಗ್ಗೆ ಸೇರಿದಾಗ, ಇನ್ನು ಆರಾಧನೆ ಶುಕ್ರವಾರ ಸಂಜೆ ಎಂದು ಅವರು ತಿಳಿಸಿದರು. “ಕಳೆದ ವಾರ ಕ್ಯಾಂಪಿನವರಿಗೆ ಭಕ್ತಿ ಕಡಿಮೆ ಎಂದು ನಾನು ಹೇಳಿದ್ದು ತಪ್ಪು” ಎಂದು ಎಲ್ಲರೆದುರೇ ಹೇಳಿದರು. ಮೊದಲ ವಿರೋಧ ನನ್ನ ಅಕ್ಕನದೇ: “ಶನಿವಾರ ಮಕ್ಕಳಿಗೆ ಶಾಲೆ ಉಂಟು. ಹೋಮ್‌ವರ್ಕ್ ಯಾರು ಮಾಡಿಸುವುದು?”

“ಹೋಮ್‌ವರ್ಕ್ ಬೆಳಿಗ್ಗೆ ಆಗ್ತದೆ ಅಕ್ಕ. ಕ್ಯಾಂಪಿನ ನೀರು ಸಂಜೆ ಬರುವುದಿಲ್ಲ,” ಎಂದೆ ನಾನು.

“ಕೆಲವರು ಸಭೆ ಬಿಟ್ಟೇ ಹೋಗ್ತಾರೆ ಅಂಕಲ್,” ಎಂದು ಹಳೆಯ ಚಟಕ್ಕೆ ಮರುಕ್ಷಣವೇ ನಾನೇ ಎದುರುವಾದವನ್ನೂ ಹೂಡಿದೆ.

“ಹೋದ್ರೆ ಅವರ ಮನೆಗೂ ಹೋಗಿ ಕೇಳುವ.”

ಎಷ್ಟೋ ವೇದಿಕೆಗಳಲ್ಲಿ ವಾದ ಗೆದ್ದವನು ನಾನು. ಸೋತ ಮೇಲೆ ಇಷ್ಟು ನೆಟ್ಟಗೆ ನಿಂತವರನ್ನು ಮಾತ್ರ ಎಲ್ಲೂ ಕಂಡಿರಲಿಲ್ಲ.

ಮೊದಲ ಸಂಜೆಯ ಆರಾಧನೆಯಿಂದಲೇ ನಮ್ಮ ಕಾರುಗಳು ಕ್ಯಾಂಪಿಗೆ ಎರಡೆರಡು ಸಲ ಓಡಿದವು. ವೆಲ್ಡರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಅಕ್ಕ ತನ್ನ ಕುರ್ಚಿಯನ್ನು ಅವನತ್ತ ತಳ್ಳಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಮೊದಲ ಕೀರ್ತನೆಯನ್ನು ಅವನು ಪುಸ್ತಕ ನೋಡದೆ, ಕಣ್ಣು ಮುಚ್ಚಿ ಹಾಡಿದ. ನಾನು ಹಾಡಲಿಲ್ಲ. ಆದರೆ ಇದು ನಮ್ಮ ಸಭೆ ಎಂದು ಯಾರೆದುರು ಬೇಕಾದರೂ ವಾದಿಸಲು ಸಿದ್ಧನಿದ್ದೆ.