ಗಿರಿಯಪ್ಪ ಮಾಸ್ತರರು ತೆರಿಗೆ ಕಟ್ಟಿದ ಮಹಡಿ

ಗೋಪನಕೊಪ್ಪದ ಗಿರಿಯಪ್ಪ ಮಾಸ್ತರರು ಮೂವತ್ತು ವರ್ಷ ಸರಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಸುಳ್ಳು ಬರೆದು ಗೊತ್ತಿಲ್ಲದ ಮನುಷ್ಯ. ಅಂಥವರು ಆಸ್ತಿ ತೆರಿಗೆಯ ಅರ್ಜಿಯಲ್ಲಿ ‘ಮೊದಲ ಮಹಡಿ: ಇದೆ’ ಎಂದು ತುಂಬಿದಾಗ ಹೆಂಡತಿ ಭಾಗ್ಯಾ ಅದನ್ನು ಎರಡು ಸಲ ಓದಿದರು.

“ಮ್ಯಾಲ ನೀರಿನ ಟಾಕಿ ಬಿಟ್ರ ಮತ್ತೇನೈತ್ರಿ?”

“ನಕಾಶಿ ತಯಾರೈತಿ. ದೀಪಾವಳಿಗೆ ಕಟ್ಟಾಕ ಚಾಲೂ ಮಾಡೋಣು. ಆಮ್ಯಾಲ ಬರಿಯೂದು ಮರತರ ಸರಕಾರಕ್ಕ ಮೋಸ ಮಾಡಿದಂಗ ಆಗತೈತಿ.”

ದೀಪಾವಳಿ ಬಂತು, ಹೋಯಿತು. ಮಗಳು ಮಯೂರಿಯ ಮದುವೆಯಲ್ಲಿ ಕೂಡಿಟ್ಟದ್ದೂ ಹೋಯಿತು. ಮಹಡಿ ಏಳಲಿಲ್ಲ. ಮಾಸ್ತರರು ಮಾತ್ರ ಅದರ ತೆರಿಗೆಯನ್ನು ವರ್ಷವರ್ಷವೂ ತಪ್ಪದೆ ತುಂಬಿದರು.

ಗೋಕುಲ ರಸ್ತೆಯ ಮಕಬೂಲಸಾಬರು ಮನೆ ಮಾರಿಸುವ ಏಜೆಂಟರು. ಒಂದು ದಿನ ಚಹಾಕ್ಕೆ ಬಂದಾಗ ಆ ರಸೀದಿ ಅವರ ಕಣ್ಣಿಗೆ ಬಿತ್ತು. ಎದುರುಮನೆ ಕೊಳ್ಳಲು ಪುಣೆಯಿಂದ ಫೋನು ಮಾಡುತ್ತಿದ್ದವರಿಗೆ ಅದರ ಫೋಟೋ ಕಳಿಸಿ, “ಎಂಥಾ ಮಹಡಿ ಮನಿಗಳ ಓಣಿ ನೋಡ್ರಿ” ಎಂದರು. ಅವರು ಮನೆ ನೋಡದೆಯೇ ಒಂದೂವರೆ ಪಟ್ಟು ರೇಟಿಗೆ ಕೊಂಡರು.

ಆ ಸುದ್ದಿ ಕೇಳಿ ಮರುದಿನದಿಂದ ನೆರೆಯವರು ಒಬ್ಬೊಬ್ಬರಾಗಿ ಬರತೊಡಗಿದರು.

“ಮಾಸ್ತರ, ನಮ್ಮನಿ ಮ್ಯಾಲೂ ಒಂದು ಮಜಲಾದ ನಕಾಶಿ ತಗದು ಕೊಡ್ರಿ. ಬಾಲ್ಕನಿ ಇರಲಿ.”

ಇವರೂ ನಾಳೆ ಕಟ್ಟುವವರೇ ಎಂದು ನಂಬಿ ಮಾಸ್ತರರು ಮನಸ್ಸಿಟ್ಟು ಬರೆದುಕೊಟ್ಟರು. ಒಬ್ಬರಿಗೆ ದೇವರಮನೆ, ಇನ್ನೊಬ್ಬರಿಗೆ ತೂಗುಮಂಚದ ಪಡಸಾಲೆ. ಎರಡು ವರ್ಷದಲ್ಲಿ ಓಣಿಯ ಹದಿನಾಲ್ಕೂ ಮನೆಗಳಿಗೆ ಅರ್ಜಿಯಲ್ಲಿ ಮಹಡಿ ಎದ್ದಿತು, ತೆರಿಗೆ ಏರಿತು, ಅದರ ಹಿಂದೆಯೇ ಮನೆಗಳ ರೇಟೂ ಏರಿತು. ಇಷ್ಟು ಮಹಡಿಗಳಿದ್ದರೆ ಬಾಡಿಗೆದಾರರೂ ಇರಬೇಕೆಂದು ಚಾಂದಬಿ ಎಂಬವರು ಓಣಿಯ ಮೂಲೆಯಲ್ಲಿ ಖಾನಾವಳಿಯನ್ನೇ ತೆರೆದರು. ದಿನಾ ರೊಟ್ಟಿ ಬಡಿದಿಟ್ಟು ತಾರಸಿಗಳ ಕಡೆ ನೋಡುತ್ತ, “ಮ್ಯಾಲಿನವ್ರು ಇನ್ನೂ ಇಳದಿಲ್ಲರಿ” ಎನ್ನುತ್ತಿದ್ದರು.

ಅಷ್ಟರಲ್ಲಿ ಮಯೂರಿ, ಅಪ್ಪನ ಪಕ್ಕದ ಮನೆಯನ್ನೇ ಕೊಳ್ಳಬೇಕೆಂದು ಬಂದಳು. ರೇಟು ಕೇಳಿ ಕುಳಿತುಬಿಟ್ಟಳು.

“ಅಪ್ಪಾ, ಇಲ್ಲದ ಮಜಲಾಕ್ಕ ನಾ ಸಾಲಾ ತಗೀಬೇಕೇನು?”

ಮಾಸ್ತರರಿಗೆ ಮುಖ ಎತ್ತಲಾಗಲಿಲ್ಲ. ಆ ಮನೆಯ ನಕಾಶೆ ಬರೆದವರು ಅವರೇ. ಮರುದಿನವೇ ತೆರಿಗೆ ಕಚೇರಿಗೆ ಹೋಗಿ, ತಮ್ಮ ಮೊದಲ ಮಹಡಿ ಇಲ್ಲವೆಂದು ಅರ್ಜಿ ಕೊಟ್ಟರು.

ಇನ್‌ಸ್ಪೆಕ್ಟರು ಬಂದರು. ತಾರಸಿ ಹತ್ತಿ, ನೀರಿನ ಟಾಕಿಯನ್ನು ಒಂದು ಸುತ್ತು ಹಾಕಿ, ಟೇಪು ಹಿಡಿದು ಖಾಲಿ ಜಾಗವನ್ನು ಅಳೆದರು.

“ಕೆಡವಾಕ ಪರವಾನಗಿ ತಗೊಂಡಿದ್ರೇನ್ರಿ?”

“ಕಟ್ಟೇ ಇಲ್ಲರಿ ಸಾಹೇಬ್ರ.”

“ಐದು ವರ್ಷ ತೆರಿಗಿ ತುಂಬೀರಿ. ಇಲ್ಲದ ಮಜಲಾಕ್ಕ ಯಾರರ ತೆರಿಗಿ ತುಂಬತಾರೇನ್ರಿ?”

ಮಾಸ್ತರರು ಬರಿ ಟಾಕಿಯತ್ತ ಕೈ ತೋರಿಸಿದರು.

“ಕೆಡವೀನಿ ಅಂತ ಬರದು ಕೊಡ್ರಿ. ಲಗೂ ಮುಗೀತೈತಿ,” ಎಂದು ಇನ್‌ಸ್ಪೆಕ್ಟರು ಒಂದು ಫಾರ್ಮು ಕೊಟ್ಟು ಹೋದರು.

ಕೆಡವಿದ ತಾರೀಖು ಬರೆಯುವಾಗ ಮಾಸ್ತರರು ಎರಡು ಸಲ ಪೆನ್ನು ಕೆಳಗಿಟ್ಟರು. ಮೂಡಣ ಕಿಟಕಿಯ ಪಕ್ಕ ಕುಳಿತು ಚಿತ್ರ ಬರೆಯಬೇಕೆಂದಿದ್ದ ಕೋಣೆ ಅದು. ಭಾಗ್ಯಾ ಬಂದು, ಸತ್ತವರ ಮನೆಯಲ್ಲಿ ಕೂರುವಂತೆ ಪಕ್ಕದಲ್ಲಿ ಕುಳಿತರು.

ಉಳಿದವರೂ ತಡ ಮಾಡಲಿಲ್ಲ. ಆ ರೇಟಿಗೆ ಒಂದು ವರ್ಷದಿಂದ ಒಂದು ಮನೆಯೂ ಮಾರಾಟವಾಗಿರಲಿಲ್ಲ, ತೆರಿಗೆ ಮಾತ್ರ ನಿಂತಿರಲಿಲ್ಲ. ಒಂದೇ ವಾರದಲ್ಲಿ ಉಳಿದ ಹದಿಮೂರು ಮಹಡಿಗಳೂ ಫಾರ್ಮಿನಲ್ಲಿ ಉರುಳಿದವು. ಓಣಿಯಲ್ಲಿ ಒಂದು ಚೂರು ಧೂಳೇಳಲಿಲ್ಲ. “ಎಲ್ಲಾ ಗಿರಾಕಿ ಹೋದ್ರಲ್ಲರಿ,” ಎಂದು ಚಾಂದಬಿ ಮರುಗಿದರು. ರೇಟು ಇಳಿಯಿತು. ಮಯೂರಿ ಪಕ್ಕದ ಮನೆ ಕೊಂಡು ಬಂದಳು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಖಾನಾವಳಿಯಿಂದ ಎರಡು ಊಟದ ಡಬ್ಬಿ ಗೊತ್ತು ಮಾಡಿದಳು.

ಮಾಸ್ತರರ ಫಾರ್ಮಿನಲ್ಲಿ ಇನ್ನೊಂದು ಪ್ರಶ್ನೆ ಉಳಿದಿತ್ತು: ಕೆಡವಿದ ಇಟ್ಟಿಗೆ, ಮಣ್ಣು ಎಲ್ಲಿ ಹಾಕಲಾಗಿದೆ? ಬಹಳ ಹೊತ್ತು ಯೋಚಿಸಿ ‘ಅಮ್ಮಿನಬಾವಿ, ತಮ್ಮ ಲಕ್ಕಪ್ಪನ ಹೊಲ’ ಎಂದು ಬರೆದರು. ಕೇಳದೆ ಹೆಸರು ಹಾಕಿದೆನಲ್ಲ ಎಂದು ತಮ್ಮನಿಗೆ ಫೋನು ಮಾಡಿದರು.

“ಛಲೋ ಆತು ಅಣ್ಣಾ,” ಎಂದ ಲಕ್ಕಪ್ಪ. “ಇಟ್ಟಿಗಿ ಯಾವಾಗ ಬರತಾವ?”

ಮಾಸ್ತರರು ಊರೆಲ್ಲ ತಿರುಗಿ, ಕೆಡವುತ್ತಿದ್ದ ಹಳೆಯ ಗೋದಾಮೊಂದರಿಂದ ಒಂದು ಟ್ರ್ಯಾಕ್ಟರ್ ಇಟ್ಟಿಗೆ ಕೊಂಡು ಕಳಿಸಿದರು. ಅದರಲ್ಲಿ ಲಕ್ಕಪ್ಪನಿಗೆ ಎರಡು ಎಮ್ಮೆ ಕಟ್ಟುವಷ್ಟು ಕೊಟ್ಟಿಗೆಯಾಯಿತು.